ಹೊತ್ತು ಮುಳುಗಿದ ಮೇಲಿನ ಗುಳಿಗೆ

ನಿಪ್ಪಾಣಿಯಲ್ಲಿ ನನ್ನ ದವಾಖಾನೆ ಇದ್ದದ್ದು ಹಳೆಯ ತಂಬಾಕಿನ ವಖಾರಿಯಲ್ಲಿ. ಮುಂದೆ ತಪಾಸಣೆಯ ಕೋಣೆ, ಪಕ್ಕದಲ್ಲಿ ಪುಟ್ಟ ಲ್ಯಾಬು, ಹಿಂದೆ ಕೆಲವೇ ಹಾಸಿಗೆಗಳ ವಾರ್ಡು. ಎಷ್ಟು ಸಲ ಸುಣ್ಣ ಹೊಡೆಸಿದರೂ ಗೋಡೆಯೊಳಗಿನ ತಂಬಾಕಿನ ಘಾಟು ಹೋಗುತ್ತಿರಲಿಲ್ಲ. ಹೊರಊರಿನಿಂದ ಬಂದವರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಊರವರಿಗೆ ಅದು ವಾಸನೆ ಅಂತಲೇ ಅನಿಸುತ್ತಿರಲಿಲ್ಲ. ತೆಲಸಂಗದ ಬಿಸಿಲಿನಲ್ಲಿ ಬೆಳೆದ ನನಗೆ ಮೊದಲ ವರ್ಷ ತಲೆ ಸಿಡಿದು, ಎರಡನೆಯ ವರ್ಷಕ್ಕೆ ಅದೇ ರೂಢಿಯಾಗಿತ್ತು. ಈಗ ಬೆಳಗಾವಿಯ ದೊಡ್ಡ ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ಕೂತಾಗ ಒಮ್ಮೊಮ್ಮೆ ಆ ಘಾಟು ಬೇಕೆನಿಸುತ್ತದೆ. ಇಲ್ಲಿ ಎಲ್ಲ ಯಂತ್ರಗಳೂ ಇವೆ. ಆದರೆ ರೋಗಿಯೊಬ್ಬನನ್ನು ಹಾಸಿಗೆಯಲ್ಲಿ ಮಲಗಿಸಿಕೊಂಡು, ದಿನಗಟ್ಟಲೆ ಅವನ ಮನೆಯವರ ಜೊತೆ ಚಹಾ ಕುಡಿಯುತ್ತಾ, ರೋಗ ತಾನಾಗಿ ಬಾಯಿ ಬಿಡುವವರೆಗೆ ಕಾಯುವ ಪುರುಸೊತ್ತು ಇಲ್ಲ.

ಹತ್ತಿರದ ಭೋಜ ಎಂಬ ಹಳ್ಳಿಯ ದಾದಾ ಬಂದ ಚಳಿಗಾಲ ನನಗೆ ಅದಕ್ಕೇ ನೆನಪಾಗುತ್ತದೆ. ಸಂಕ್ರಾಂತಿಯ ಕುಸುರೆಳ್ಳಿನ ಡಬ್ಬಿ ಇನ್ನೂ ನನ್ನ ಮೇಜಿನ ಮೇಲಿತ್ತು. ಕಬ್ಬು, ತಂಬಾಕು ಎರಡೂ ಬೆಳೆಯುವ ಜೈನ ರೈತ, ಐವತ್ತರ ಆಸುಪಾಸಿನವರು. ಊರೆಲ್ಲ ದಾದಾ ಅನ್ನುತ್ತಿತ್ತು, ನಾನೂ ಹಾಗೇ ಕರೆದೆ. ಎತ್ತರದ ಆಳು, ಆದರೆ ಅಂಗಿ ಇನ್ನೊಬ್ಬರದನ್ನು ಹಾಕಿಕೊಂಡು ಬಂದಂತೆ ಜೋಲುತ್ತಿತ್ತು. ಕುರ್ಚಿಯಲ್ಲಿ ಕೂತವರು ಮಾತು ಮುಗಿಯುವಷ್ಟರಲ್ಲಿ ಎದ್ದು ಪಾಯಖಾನೆಗೆ ಹೋಗಿ ಬಂದರು. ಅವರು ಎದ್ದು ಹೋದಾಗ ಹೆಂಡತಿಯೇ ಎಲ್ಲ ಹೇಳಿದರು. ದೀಪಾವಳಿಯ ಹಿಂದೆಮುಂದೆ ಶುರುವಾದದ್ದು, ರಕ್ತ, ಅದರ ಜೊತೆ ಅಂಟಂಟು ಆಂವ. ನಿದ್ದೆಯಿಂದ ಎಬ್ಬಿಸಿಕೊಂಡು ಹೋಗುತ್ತದೆ. ಹೋಗಿ ಬಂದರೂ ಇನ್ನೂ ಉಳಿದಿದೆ ಅನಿಸುತ್ತದೆ.

ನಮ್ಮ ಕಡೆ ರಕ್ತ, ಆಂವ ಅಂದರೆ ಆಮಶಂಕೆ. ಅದರ ಗುಳಿಗೆಯ ಹೆಸರು ಕಿರಾಣಿ ಅಂಗಡಿಯವನಿಗೂ ಗೊತ್ತು. ಅದರಲ್ಲಿ ತಪ್ಪೂ ಇಲ್ಲ. ಹತ್ತರಲ್ಲಿ ಒಂಬತ್ತು ಸಲ ಅದು ಸೋಂಕೇ ಆಗಿರುತ್ತದೆ, ಅದಕ್ಕೇ ಹತ್ತನೆಯದು ಕಣ್ಣು ತಪ್ಪಿಸುತ್ತದೆ. ಕರುಳಿನ ಸೋಂಕು ಕರೆಯದೆ ಬರುವ ನೆಂಟ. ಒಮ್ಮೆಲೇ ಬರುತ್ತದೆ, ಜ್ವರ ತರುತ್ತದೆ, ಒಂದೆರಡು ವಾರ ಕಾಡಿ ಹೋಗುತ್ತದೆ. ಇದು ಹಾಗಿರಲಿಲ್ಲ. ಮೆಲ್ಲಗೆ ಬಂದು ಮನೆಯವನಂತೆ ಉಳಿದುಕೊಂಡಿತ್ತು. ಜ್ವರ ಇರಲಿಲ್ಲ. ಮನೆಯಲ್ಲಿ ಬೇರೆ ಯಾರಿಗೂ ಏನೂ ಆಗಿರಲಿಲ್ಲ. ನೀರನ್ನು ಅವರು ಸೋಸಿ, ಕಾಯಿಸಿಯೇ ಕುಡಿಯುವವರು.

ಬೀಡಿ, ತಂಬಾಕು ಏನಾದರೂ ಇದೆಯಾ ಎಂದು ಕೇಳಿದೆ. ಹೆಂಡತಿಯ ಮುಖ ಅರಳಿತು. ಆ ವರ್ಷ ಭೋಜದ ಬಸದಿಯಲ್ಲಿ ದಿಗಂಬರ ಮುನಿಯೊಬ್ಬರ ಚಾತುರ್ಮಾಸ ಆಗಿತ್ತು. ಅಂಥ ಮುನಿಗಳನ್ನು ನಮ್ಮ ಕಡೆ ಮಹಾರಾಜರು ಅನ್ನುತ್ತಾರೆ. ಇಪ್ಪತ್ತು ವರ್ಷಕ್ಕೂ ಮೇಲೆ ಬೀಡಿ ಸೇದಿದ್ದ ದಾದಾ ಅವರ ಮುಂದೆ ಕೈಮುಗಿದು, ಜೀವ ಇರುವತನಕ ತಂಬಾಕು ಮುಟ್ಟುವುದಿಲ್ಲ ಎಂದು ನಿಯಮ ತೆಗೆದುಕೊಂಡಿದ್ದರು.

"ಇವ್ರನ್ನ ನೋಡಿ ಊರಾಗ ಎಷ್ಟೋ ಮಂದಿ ಬಿಟ್ಟಾರ್ರೀ ಬಾಯಾರ" ಎಂದರು. ಅಲ್ಲಿ ಹೆಣ್ಣು ಡಾಕ್ಟರು ಎಲ್ಲರಿಗೂ ಬಾಯಾರೇ.

ನಾನು ತಲೆದೂಗಿದೆ, ಆದರೆ ಒಳಗೆ ಒಂದು ಗಂಟೆ ಬಾರಿಸಿದಂತಾಯಿತು. ಅಲ್ಸರೇಟಿವ್ ಕೊಲೈಟಿಸ್ ಅಂತ ಒಂದು ರೋಗ ಇದೆ. ಯಾವ ಕ್ರಿಮಿಯೂ ಇಲ್ಲದೆ ದೊಡ್ಡ ಕರುಳಿನ ಒಳಗೋಡೆ ತಾನೇ ಉರಿದು ಹುಣ್ಣಾಗುವ, ವರ್ಷಗಟ್ಟಲೆ ಜೊತೆಗಿರುವ ರೋಗ. ತಂಬಾಕು ನೂರು ರೋಗ ಕೊಡುತ್ತದೆ, ಈ ಒಂದನ್ನು ಮಾತ್ರ ಕೆಲವರಲ್ಲಿ ಒತ್ತಿ ಹಿಡಿದಿರುತ್ತದೆ. ಬೀಡಿ ಬಿಟ್ಟ ಕೆಲವೇ ತಿಂಗಳಿಗೆ ಅದು ತಲೆ ಎತ್ತುವುದುಂಟು. ನಿಯಮ ಹಿಡಿದ ಮನುಷ್ಯನಿಗೆ ಇದನ್ನು ಹೇಗೆ ಹೇಳುವುದೆಂದು ತಿಳಿಯದೆ ಚೀಟಿ ಬರೆಯಲು ಪೆನ್ನು ಎತ್ತಿಕೊಂಡೆ.

ಅಷ್ಟರಲ್ಲಿ ಅವರ ಹೆಂಡತಿ ಚೀಲದಿಂದ ಹಳೆಯ ಗುಳಿಗೆಯ ಪಟ್ಟಿಗಳನ್ನು ಮೇಜಿನ ಮೇಲೆ ಸುರಿದರು. ಬೇರೆ ಬೇರೆ ಊರಿನ ವೈದ್ಯರು ಬರೆದದ್ದು, ಎಲ್ಲವೂ ಆಮಶಂಕೆ ತರುವ ಅಮೀಬಾ ಎಂಬ ಕ್ರಿಮಿಯ ಅದೇ ಔಷಧ. ಪ್ರತಿ ಪಟ್ಟಿಯಲ್ಲೂ ಒಂದಿಷ್ಟು ಗುಳಿಗೆ ಹಾಗೇ ಉಳಿದಿದ್ದವು. ಔಷಧ ಚೆಲ್ಲಬಾರದು ಅಂತ ಎತ್ತಿಟ್ಟಿದ್ದರಂತೆ. ಯಾಕೆ ಉಳಿದವು ಎಂದು ಕೇಳಿದ್ದಕ್ಕೆ, ನನಗೇ ಅಷ್ಟು ತಿಳಿಯಬಾರದೇ ಎನ್ನುವಂತೆ ನೋಡಿದರು.

"ಅವು ರಾತ್ರಿ ಗುಳಿಗಿರಿ. ಹೊತ್ತ ಮುಣಗಿದ ಮ್ಯಾಲ ಇವ್ರು ನೀರೂ ಕುಡ್ಯಾಂಗಿಲ್ಲ. ಅದೂ ನಿಯಮಾನ ಐತ್ರಿ."

ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ವೈದ್ಯರು ಬರೆದಿದ್ದಾರೆ. ಮಹಾರಾಜರ ಮುಂದೆ ಇದನ್ನೂ ಹಿಡಿಯುವ ಮೊದಲು ದಾದಾ ರಾತ್ರಿ ಉಣ್ಣುತ್ತಿದ್ದವರು, ಹಳೆಯ ಪರಿಚಯದ ವೈದ್ಯರಿಗೆ ಹೊಸ ನಿಯಮ ಗೊತ್ತಿಲ್ಲ. ದಾದಾ ಯಾರಿಗೂ ಎದುರಾಡಿಲ್ಲ, ಚೀಟಿ ತೆಗೆದುಕೊಂಡು ಕೈಮುಗಿದು ಬಂದು ರಾತ್ರಿಯದನ್ನು ಬಿಟ್ಟಿದ್ದಾರೆ. ಅಲ್ಲಿಗೆ ಒಂದೂ ಚಿಕಿತ್ಸೆ ಪೂರ್ತಿಯಾಗಿರಲಿಲ್ಲ. ಇಷ್ಟು ಗುಳಿಗೆ ತಿಂದರೂ ವಾಸಿಯಾಗಿಲ್ಲ, ಆದ್ದರಿಂದ ಇದು ಸೋಂಕಲ್ಲ ಎಂದು ಹೇಳುವ ದಾರಿ ಮುಚ್ಚಿತು. ಅರ್ಧಂಬರ್ಧ ಔಷಧಕ್ಕೆ ಸಾಯದೆ ಉಳಿದ ಅಮೀಬಾವೂ ಇರಬಹುದು.

ಇಲ್ಲಿ ತಪ್ಪಿದರೆ ಎರಡೂ ಕಡೆ ಹಳ್ಳ. ಕೊಲೈಟಿಸ್‌ಗೆ ಸ್ಟೆರಾಯ್ಡ್ ಕೊಡಬೇಕು, ಅದೇ ಸ್ಟೆರಾಯ್ಡ್ ಅಮೀಬಾ ಇರುವ ಕರುಳಿಗೆ ಬಿದ್ದರೆ ಹುಣ್ಣು ತೂತಾಗಿ ಹೊಟ್ಟೆಯೆಲ್ಲ ಕೊಳೆತು ಮನುಷ್ಯ ಉಳಿಯುವುದು ಕಷ್ಟ. ಹಾಗಂತ ಸೋಂಕಿನ ಗುಳಿಗೆಯನ್ನೇ ಕೊಡುತ್ತಾ ಕೂತರೆ ಕೊಲೈಟಿಸ್ ಮನುಷ್ಯನನ್ನು ದಿನಕ್ಕಿಷ್ಟು ಎಂದು ಸೋರಿಸಿ ಮುಗಿಸುತ್ತದೆ. ದಾದಾ ಅವರ ರಕ್ತ ಆಗಲೇ ಬಹಳ ಇಳಿದಿತ್ತು. ನನಗೆ ಹೆದರಿಕೆಯಾಯಿತು. ಅವರನ್ನು ವಾರ್ಡಿನ ಕೊನೆಯ ಹಾಸಿಗೆಗೆ, ಪಾಯಖಾನೆಯ ಬಾಗಿಲಿನ ಪಕ್ಕಕ್ಕೆ ಹಾಕಿಸಿದೆ.

ಮೊದಲು ಮಲದ ಪರೀಕ್ಷೆ. ಹಳೆಯ ವರದಿಯೊಂದರಲ್ಲಿ ಅಮೀಬಾ ಕಂಡಿದೆ ಅಂತಲೇ ಇತ್ತು. ಆದರೆ ಮಲದ ಡಬ್ಬಿ ಮನೆಯಿಂದ ಹೊರಟು, ಬಸ್ಸಿಗೆ ಕಾದು, ಲ್ಯಾಬು ತಲುಪುವ ಹೊತ್ತಿಗೆ ಆರಿ ತಣ್ಣಗಾಗಿರುತ್ತದೆ. ಜೀವಂತ ಅಮೀಬಾ ಬಿಸಿ ಇರುವಾಗ ಮಾತ್ರ ಸೂಕ್ಷ್ಮದರ್ಶಕದಡಿ ಕಾಲು ಚಾಚಿ ತೆವಳುತ್ತದೆ, ಹೊಟ್ಟೆಯಲ್ಲಿ ನುಂಗಿದ ಕೆಂಪು ರಕ್ತಕಣ ಕಾಣುತ್ತದೆ. ತಣ್ಣಗಾದ ಮೇಲೆ ಉರಿಯೂತಕ್ಕೆ ಬಂದ ನಮ್ಮದೇ ದೊಡ್ಡ ಬಿಳಿರಕ್ತಕಣವೂ ಅಮೀಬಾವೂ ನೋಡಲು ಒಂದೇ ತರ. ಆದ್ದರಿಂದ ದಾದಾ ಹೋಗಿ ಬಂದ ಕೂಡಲೇ ಡಬ್ಬಿ ಲ್ಯಾಬಿಗೆ ಓಡಬೇಕು ಎಂದು ಹೇಳಿದೆ. ನಮ್ಮ ಲ್ಯಾಬಿನಾತ ಚಿಕ್ಕೋಡಿಯವನು, ಗೊಣಗದೆ ಯಾವ ಕೆಲಸವನ್ನೂ ಮಾಡಿದವನಲ್ಲ, ಮಾಡದೆ ಬಿಟ್ಟವನೂ ಅಲ್ಲ. ಗಾಜಿನ ಪಟ್ಟಿಯನ್ನು ಬಲ್ಬಿನ ಕೆಳಗೆ ಬೆಚ್ಚಗೆ ಇಟ್ಟುಕೊಂಡು ಕಾಯುತ್ತಿದ್ದ. ನಾವಿಬ್ಬರೂ ಸರದಿಯ ಮೇಲೆ ಕಣ್ಣು ಹಚ್ಚಿ ನೋಡಿದೆವು. ಕೆಂಪುಕಣ, ಕೀವುಕಣ ರಾಶಿ. ತೆವಳುವುದು ಏನೂ ಇಲ್ಲ. ಮರುದಿನ, ಅದರ ಮರುದಿನವೂ ಅಷ್ಟೇ. ಒಂದಿಷ್ಟನ್ನು ಬೇರೆ ಬ್ಯಾಕ್ಟೀರಿಯಾ ಬೆಳೆಯುತ್ತದೆಯೋ ನೋಡಲು ಬೆಳಗಾವಿಗೆ ಕಳಿಸಿದೆ. ಇಷ್ಟೊಂದು ಆ್ಯಂಟಿಬಯೋಟಿಕ್ ತಿಂದವರ ಕರುಳಿನಲ್ಲಿ ಅದರಿಂದಲೇ ಹುಟ್ಟುವ ಒಂದು ಸೋಂಕೂ ಇರುತ್ತದೆ, ಅದರ ವಿಷದ ಪರೀಕ್ಷೆಗೂ ಬರೆದೆ. ಕ್ಷಯ ಇರಬಾರದೆಂದು ಎದೆಯ ಎಕ್ಸ್‌ರೇ ತೆಗೆಸಿದೆ, ಅದು ಸ್ವಚ್ಛವಾಗಿತ್ತು.

ನಡುವೆ ಒಂದು ಬೆಳಿಗ್ಗೆ ಕರುಳಿನೊಳಗೆ ದುರ್ಬೀನಿನ ನಳಿಗೆ ಹಾಕಿ ನೋಡಿದೆ. ಗುದದ್ವಾರದಿಂದಲೇ ಕೆಂಪು ಶುರು. ಒಳಗೋಡೆಯ ರಕ್ತನಾಳಗಳ ಬಲೆ ಕಾಣದಾಗಿತ್ತು, ಮೇಲ್ಮೈ ಮರಳು ಮರಳು, ತಾಗಿದರೆ ಸಾಕು ರಕ್ತ ಜಿನುಗುತ್ತಿತ್ತು. ಅಮೀಬಾ ಆಗಿದ್ದರೆ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಹುಣ್ಣು, ನಡುವೆ ಒಳ್ಳೆಯ ಪದರ ಇರುತ್ತದೆ. ಇಲ್ಲಿ ಒಳ್ಳೆಯದು ಅನ್ನುವ ಜಾಗವೇ ಇರಲಿಲ್ಲ. ಸಣ್ಣ ಚೂರುಗಳನ್ನು ಕಿತ್ತು ಔಷಧದ ಸೀಸೆಯಲ್ಲಿ ಹಾಕಿ, ಪರಿಚಯದ ಕಂಡಕ್ಟರ್ ಕೈಯಲ್ಲಿ ಬೆಳಗಾವಿಯ ಪ್ಯಾಥಾಲಜಿ ಲ್ಯಾಬಿಗೆ ಕಳಿಸಿದೆ. ವರದಿ ಬರಲು ವಾರ ಬೇಕು.

ಬೆಳಗಾವಿಯಲ್ಲಿ ಕರುಳಿನ ತಜ್ಞನಾಗಿದ್ದ ನನ್ನ ಕಾಲೇಜಿನ ಗೆಳೆಯನಿಗೆ ಫೋನ್ ಮಾಡಿ ಕಂಡದ್ದನ್ನೆಲ್ಲ ಹೇಳಿದೆ. ಕೊಲೈಟಿಸ್ಸೇ, ವಾರ ಕಾಯಬೇಡ, ಇವತ್ತೇ ಸ್ಟೆರಾಯ್ಡ್ ಶುರು ಮಾಡು ಎಂದ. ಅವನ ಮಾತು ಪುಸ್ತಕದ ಪ್ರಕಾರ ಸರಿಯಾಗಿತ್ತು. ಆದರೆ ನನ್ನ ಮೇಜಿನ ಮೇಲೆ ಉಳಿದ ಗುಳಿಗೆಗಳು ಬಿದ್ದಿದ್ದವು, ಅವನ ಮೇಜಿನ ಮೇಲೆ ಇರಲಿಲ್ಲ. ದಾದಾ ಅವರ ನಾಡಿ ಇನ್ನೂ ನೆಟ್ಟಗಿದೆ, ಹೊಟ್ಟೆ ಮೆತ್ತಗಿದೆ, ಮೂರು ದಿನ ತಡೆಯುತ್ತಾರೆ ಎನಿಸಿತು. ಅಮೀಬಾದ ಆ ಗುಳಿಗೆಯ ಗುಂಪಿನದೇ ಇನ್ನೊಂದು ಔಷಧ ಇದೆ, ದಿನಕ್ಕೆ ಒಂದೇ ಸಲ, ಹಗಲಿನಲ್ಲಿ ಊಟದ ಮೇಲೆ ಕೊಟ್ಟರೆ ಸಾಕು. ಅದನ್ನು ನನ್ನ ಕಣ್ಣ ಮುಂದೆ ನುಂಗಿಸುವುದು, ಅಷ್ಟಾದರೂ ರಕ್ತ ನಿಲ್ಲದಿದ್ದರೆ ಸ್ಟೆರಾಯ್ಡ್. ಗೆಳೆಯ ಒಪ್ಪಲಿಲ್ಲ. ನಿಪ್ಪಾಣಿ ಬಿಟ್ಟು ಬರದವಳು ನಿಪ್ಪಾಣಿಯಂತೆಯೇ ಯೋಚಿಸುತ್ತೀಯ ಎಂದು ಬೈದ. ನನಗೆ ಸಿಟ್ಟು ಬಂದು ಫೋನ್ ಇಟ್ಟೆ.

ಆ ದಿನಗಳನ್ನು ನೆನೆದರೆ ಈಗಲೂ ಖುಷಿ. ಬಿಸಿಲು ವಾರ್ಡಿನ ಜಾಲರಿಯಿಂದ ಒಳಗೆ ಬೀಳುತ್ತಿತ್ತು. ಓಣಿಯಲ್ಲಿ ಹೊಸ ತಂಬಾಕಿನ ಗಾಡಿಗಳು ಹೋಗುತ್ತಿದ್ದವು. ದಾದಾ ಅವರ ಹೆಂಡತಿ ಗಂಜಿ ಕಾಸಿ ತರುತ್ತಿದ್ದರು, ನನಗೂ ಒಂದು ಬಟ್ಟಲು ಇಡುತ್ತಿದ್ದರು. ಬೆಳಿಗ್ಗೆ ಅವರು ದರ್ಶನಕ್ಕೆ ಪೇಟೆಯ ಬಸದಿಗೆ ಹೋಗಿ ಬರುವವರೆಗೆ ದಾದಾ ಒಬ್ಬರೇ ಇರುತ್ತಿದ್ದರು. ಬಂದ ಮೇಲೆ ಗಂಡನ ಮುಂದೆ ಕೂತು ಮರಾಠಿಯಲ್ಲೊಂದು, ಕನ್ನಡದಲ್ಲೊಂದು ಊರಿನ ಸುದ್ದಿ ಹೇಳುತ್ತಿದ್ದರು.

ನನ್ನ ಗುಳಿಗೆ ಶುರುವಾದ ಎರಡನೆಯ ದಿನ ರಕ್ತ ಕಮ್ಮಿಯಾಯಿತು. ಮೂರನೆಯ ದಿನ ಇನ್ನೂ ಕಮ್ಮಿ. ನಾನು ಹಿಗ್ಗಿ ಹೀರೇಕಾಯಿಯಾದೆ. ಅಮೀಬಾನೇ ಆಗಿತ್ತು, ಗುಳಿಗೆ ಪೂರ್ತಿ ಸಿಕ್ಕ ಕೂಡಲೇ ಕಾಲಿಗೆ ಬುದ್ಧಿ ಹೇಳಿತು. ಬೆಳಗಾವಿಯ ಪಂಡಿತನಿಗೆ ಯಾವಾಗ ಫೋನ್ ಮಾಡಿ ಚುಚ್ಚಲಿ ಎಂದು ತವಕ. ವಾರ್ಡಿಗೆ ಹೋಗಿ ದಾದಾ ಅವರಿಗೆ ಹೇಳಿದೆ, ಇದು ಸೋಂಕು, ಔಷಧ ನಾಟಿದೆ, ಇನ್ನೆರಡು ದಿನಕ್ಕೆ ಊರಿಗೆ ಹೋಗಬಹುದು, ಮತ್ತೆ ಗುಳಿಗೆಯ ಗೊಡವೆ ಇಲ್ಲ ಎಂದು. ಅವರ ಹೆಂಡತಿ ಬಸದಿಗೆ ಹೋಗಿದ್ದರು. ದಾದಾ ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ. ಹಾಸಿಗೆಯ ಮೇಲೆ ಎದ್ದು ಕೂತು, ನೆಲ ನೋಡುತ್ತಾ ಹೇಳಿದರು:

"ನಿಮ್ಮ ಗುಳಿಗಿಗೆ ಕಮ್ಮಿ ಆಗಿಲ್ರೀ ಬಾಯಾರ. ಬೀಡಿಗೆ ಆಗೇತ್ರಿ."

ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ. ಅವರು ತಡೆತಡೆದು ಹೇಳುತ್ತಾ ಹೋದರು. ರೋಗ ಬಂದು ತಿಂಗಳಾದ ಮೇಲೆ ಒಂದು ದಿನ ತಡೆಯಲಾರದೆ ಕಬ್ಬಿನ ಹೊಲದಲ್ಲಿ ಒಂದು ಬೀಡಿ ಸೇದಿದ್ದರು. ನಾಲ್ಕು ದಿನ ಸೇದಿದಾಗ ರಕ್ತ ಕಡಿಮೆಯಾಯಿತು. ಪಾಪ ಅಂತ ಬಿಟ್ಟರೆ ಮತ್ತೆ ಬಂತು. ಹೀಗೆ ಮತ್ತೆ ಮತ್ತೆ ಆಗಿತ್ತು. ಇಲ್ಲಿಗೆ ಬಂದ ಮೇಲೂ, ಹೆಂಡತಿ ಬಸದಿಗೆ ಹೋದ ಹೊತ್ತಿನಲ್ಲಿ ಹಿಂದಿನ ಬಾಗಿಲಿಂದ ಓಣಿಗಿಳಿದು ಸೇದುತ್ತಿದ್ದರು. ತಂಬಾಕಿನ ವಖಾರಿಯಲ್ಲಿ ಬೀಡಿಯ ವಾಸನೆ ಯಾರ ಮೂಗಿಗೆ ಬೀಳಬೇಕು?

"ಮಂದಿ ನನ್ನ ನೋಡಿ ಬಿಟ್ಟಾರ್ರಿ. ಹೇಳಿದ್ರ ಮಾನ ಹೋಗತೈತಿ. ಹೇಳದಿದ್ರ ನೀವು ತಪ್ಪ ತಿಳಕೊಂಡ ಕಳಸ್ತೀರಿ. ನಿನ್ನಿಯಿಂದ ಹೇಳ್ಲೋ ಬ್ಯಾಡೋ ಅಂತ ಹೊಯ್ದಾಡಾಕತ್ತೀನ್ರಿ."

ರಕ್ತ ಕಮ್ಮಿಯಾದದ್ದು ಬೀಡಿಯಿಂದಲೋ, ಹಾಸಿಗೆಯ ವಿಶ್ರಾಂತಿಯಿಂದಲೋ, ನನ್ನ ಗುಳಿಗೆಯಿಂದಲೋ ನಾನು ಆಣೆ ಮಾಡಿ ಹೇಳಲಾರೆ. ಆದರೆ ಆ ಸುಧಾರಣೆಯನ್ನು ಸಾಕ್ಷಿ ಅಂತ ಹಿಡಿಯುವ ಹಾಗಿರಲಿಲ್ಲ. ಅವರು ಬಾಯಿ ಮುಚ್ಚಿಕೊಂಡಿದ್ದರೆ ಸೋಂಕು ಎಂದು ಬರೆದು ಕಳಿಸುತ್ತಿದ್ದೆ, ಭೋಜದ ಹೊಲದ ಬದುವಿನಲ್ಲಿ ಅವರು ರಕ್ತ ಸೋರಿ ಬೀಳುತ್ತಿದ್ದರು. ಆ ಕ್ಷಣ ಅವರ ಮೇಲೆ ನನಗೆ ಹುಟ್ಟಿದ ಗೌರವ ಇನ್ನೂ ಕಮ್ಮಿಯಾಗಿಲ್ಲ. ಊರಿಗೆಲ್ಲ ಮಾದರಿಯಾದವನು ತನ್ನ ಮುರಿದ ನಿಯಮವನ್ನು ಬಿಚ್ಚಿಡುವುದು ಸಣ್ಣ ಮಾತಲ್ಲ. ಇದನ್ನು ನನ್ನ ಹೆಂಡತಿಗೆ ಹೇಳಬೇಡಿ ಎಂದು ಕೇಳಿಕೊಂಡರು. ಹೇಳುವುದು ನಿಮ್ಮ ಕೆಲಸ, ನನ್ನದಲ್ಲ ಎಂದೆ.

ಈಗಿನಿಂದ ಬೀಡಿ ಪೂರ್ತಿ ಬಂದ್, ಗುಳಿಗೆಯನ್ನು ಇನ್ನೆರಡು ದಿನ ಮುಂದುವರಿಸುತ್ತೇನೆ, ನೋಡೋಣ ಎಂದೆ. ಜೇಬಿನಿಂದ ಕಟ್ಟು ತೆಗೆದು ನನ್ನ ಕೈಗೆ ಕೊಟ್ಟರು. ಎರಡು ದಿನ ಕಳೆಯುವಷ್ಟರಲ್ಲಿ ರಕ್ತ ಮೊದಲಿಗಿಂತ ಜೋರಾಗಿ ಬಂತು. ನಾಡಿ ಓಡತೊಡಗಿತು. ಹೊಟ್ಟೆ ಉಬ್ಬುತ್ತಿದೆಯೇ ಎಂದು ನಾನು ಗಳಿಗೆಗೊಮ್ಮೆ ಕೈಯಿಟ್ಟು ನೋಡುತ್ತಿದ್ದೆ, ಹೊಟ್ಟೆಯ ಎಕ್ಸ್‌ರೇಯನ್ನೂ ತೆಗೆಸಿದೆ, ಕರುಳು ಇನ್ನೂ ಹಿಗ್ಗಿರಲಿಲ್ಲ. ದಾದಾ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅವರ ಹೆಂಡತಿ ಮಾತ್ರ ಗುಳಿಗೆ ನಾಟಿತ್ತಲ್ಲ, ಮತ್ತೇನಾಯಿತು ಎಂದು ನನ್ನನ್ನೇ ಕೇಳುತ್ತಿದ್ದರು. ಉತ್ತರ ಗೊತ್ತಿದ್ದೂ ನುಂಗಿಕೊಳ್ಳುವುದು ಬಹಳ ಕಷ್ಟವಾಯಿತು.

ಅದೇ ಮಧ್ಯಾಹ್ನ ಪ್ಯಾಥಾಲಜಿಯವರನ್ನು ಫೋನಿನಲ್ಲಿ ಕಾಡಿಸಿ ವರದಿ ಕೇಳಿದೆ. ಕರುಳಿನ ಒಳಗೋಡೆಯಲ್ಲಿ ಸಣ್ಣ ಸಣ್ಣ ಗ್ರಂಥಿಗಳು ಸಾಲಾಗಿ, ನೆಟ್ಟಗೆ ನಿಂತಿರಬೇಕು. ಹೊಸ ಸೋಂಕು ಎಷ್ಟೇ ಉರಿಸಿದರೂ ಆ ಸಾಲು ಕೆಡುವುದಿಲ್ಲ, ಕೆಡಲು ತಿಂಗಳುಗಳು ಬೇಕು. ದಾದಾ ಅವರ ಗ್ರಂಥಿಗಳು ಸೊಟ್ಟಗಾಗಿ, ಕವಲೊಡೆದಿದ್ದವು, ಬುಡದಲ್ಲಿ ಹಳೆಯ ಉರಿಯೂತದ ಕಣಗಳು ಗುಂಪುಗಟ್ಟಿದ್ದವು. ಅಮೀಬಾ ಎಲ್ಲೂ ಇರಲಿಲ್ಲ. ಬೆಳಗಾವಿಗೆ ಕಳಿಸಿದ್ದ ಮಲದಲ್ಲಿ ಏನೂ ಬೆಳೆದಿರಲಿಲ್ಲ, ವಿಷವೂ ಸಿಕ್ಕಿರಲಿಲ್ಲ. ಈಗ ನನ್ನ ಮುಂದೆ ಸ್ಟೆರಾಯ್ಡ್ ಬಿಟ್ಟರೆ ದಾರಿಯಿರಲಿಲ್ಲ, ಹೆದರುವುದಕ್ಕೂ ಕಾರಣವಿರಲಿಲ್ಲ. ಆದರೂ ಮೊದಲ ಗುಳಿಗೆ ಕೊಡುವಾಗ ಮನೆದೇವರನ್ನು ನೆನೆದದ್ದು ಸುಳ್ಳಲ್ಲ.

ವಾರದೊಳಗೆ ದಾದಾ ಮನುಷ್ಯರಂತಾದರು. ನಿದ್ದೆ ಮಾಡಿದರು, ರೊಟ್ಟಿ ಕೇಳಿದರು. ಗೆಳೆಯನಿಗೆ ಫೋನ್ ಮಾಡಿ ನೀನು ಹೇಳಿದ್ದೇ ನಿಜ ಎಂದೆ, ಅವನು ನಕ್ಕು ಬಿಟ್ಟ.

ಒಂದು ತೊಡಕು ಉಳಿದಿತ್ತು. ಕರುಳಿನ ಕೊನೆಯ ಭಾಗಕ್ಕೆ ಮಲಗುವ ಮುನ್ನ ಎನಿಮಾದಂತೆ ಹಿಂದಿನಿಂದ ಏರಿಸುವ ಔಷಧ ಬೇಕಿತ್ತು, ಅದು ರಾತ್ರಿಯೆಲ್ಲ ಒಳಗಿರಬೇಕು. ಹೊತ್ತು ಮುಳುಗಿದ ಮೇಲೆ ಹೀಗೆ ತೆಗೆದುಕೊಂಡದ್ದು ಆಹಾರವೋ ಅಲ್ಲವೋ? ನನಗೆ ಗೊತ್ತಿರಲಿಲ್ಲ, ದಾದಾ ಅವರಿಗೂ ಗೊತ್ತಿರಲಿಲ್ಲ. ಹೆಂಡತಿ ಬಸದಿಯ ಪಂಡಿತರನ್ನು ಕೇಳಿ ಬಂದರು. ಪಂಡಿತರು ಬಹಳ ಹೊತ್ತು ಯೋಚನೆ ಮಾಡಿ, ನಾಲಿಗೆಗೆ ತಾಗದ್ದು ಊಟ ಅಲ್ಲ, ತಗೊಳ್ಳಲಿ ಅಂದರಂತೆ. ಅವರ ಜನ್ಮದಲ್ಲಿ ಅಂಥ ಪ್ರಶ್ನೆ ಬಂದಿರಲಾರದು. ಆ ದಿನ ವಾರ್ಡಿನಲ್ಲಿ ನಾವೆಲ್ಲ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಯುಗಾದಿ ಮುಗಿದು ಬಿಸಿಲು ಏರಿದ ಮೇಲೆ ಗಂಡ ಹೆಂಡತಿ ತಪಾಸಣೆಗೆ ಬಂದರು. ಅಂಗಿ ಮೈತುಂಬ ಕೂತಿತ್ತು. ಸ್ಟೆರಾಯ್ಡ್ ಮೆಲ್ಲಗೆ ಇಳಿಸಿ ನಿಲ್ಲಿಸಿಯಾಗಿತ್ತು. ದಾದಾ ತಮ್ಮ ಅನುಮಾನ ಕೇಳಿದರು, ಬೀಡಿ ಬಿಟ್ಟದ್ದೇ ತಪ್ಪಾಯಿತೇನು ಎಂದು. ಇದ್ದದ್ದನ್ನು ಇದ್ದಂತೆ ಹೇಳಿದೆ. ರೋಗದ ಬೀಜ ಒಳಗೇ ಇತ್ತು, ಬೀಡಿ ಅದನ್ನು ಅದುಮಿತ್ತು, ಬಿಟ್ಟಾಗ ಎದ್ದಿತು. ಹಾಗಂತ ಮತ್ತೆ ಸೇದಿದರೆ ಕರುಳು ಉಳಿದು ಎದೆ ಹೋಗುತ್ತದೆ, ಬಿಟ್ಟದ್ದು ಸರಿ.

ಆಗ ಅವರು ಹೆಂಡತಿಯ ಕಡೆ ತಿರುಗಿ, ನನ್ನೆದುರಿಗೇ ಎಲ್ಲವನ್ನೂ ಹೇಳಿದರು. ಕಬ್ಬಿನ ಹೊಲ, ವಾರ್ಡಿನ ಹಿಂದಿನ ಓಣಿ, ಯಾವುದನ್ನೂ ಬಿಡಲಿಲ್ಲ. ಆಮೇಲೆ ನನಗೆ ಹೇಳಿದರು:

"ನಿಯಮ ಮುರದದ್ದಕ್ಕ ಪ್ರಾಯಶ್ಚಿತ್ತ ಬೇಕ್ರಿ. ಮಹಾರಾಜರು ನಡಕೋತ ಯಾವ ಊರಿಗಿ ಹೋಗ್ಯಾರೋ. ನಿಮ್ಮ ಮುಂದ ಮೊದಲ ಒಪ್ಪಕೊಂಡೀನಿ, ನೀವ ಹೇಳ್ರಿ."

ಅದು ನನ್ನ ಅಧಿಕಾರವಲ್ಲ ಎಂದೆ. ಅವರು ಬಿಡಲಿಲ್ಲ. ನಾನು ಚೀಟಿ ಮುಂದೆಳೆದು, ಕರುಳಿನ ಉರಿ ಮತ್ತೆ ಏಳದಂತೆ ತಡೆಯುವ ಗುಳಿಗೆ ಬರೆದೆ. ದಿನಕ್ಕೊಮ್ಮೆ, ಹಗಲಿನಲ್ಲಿ. ನೋವಿಲ್ಲದ ದಿನವೂ, ರಕ್ತ ಕಾಣದ ವರ್ಷವೂ, ವಾಸಿಯಾಗಿದೆ ಬಿಡು ಎಂದು ನೆಂಟರೆಲ್ಲ ಹೇಳಿದರೂ ತಗೊಳ್ಳಬೇಕು ಎಂದೆ. ಸೋಂಕಿನ ಔಷಧಕ್ಕೆ ಕೊನೆ ಇದೆ, ಇದಕ್ಕೆ ನಾನು ಕೊನೆ ಬರೆಯಲಾರೆ. ನಮ್ಮ ಕಡೆ ಚೀಟಿ ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವ ಮೊದಲ ಮಾತು, ಎಷ್ಟು ದಿನ ಎಂದು. ದಾದಾ ಕೇಳಲಿಲ್ಲ. ಕುರ್ಚಿಯಿಂದ ಎದ್ದು ನಿಂತು, ಬಸದಿಯಲ್ಲಿ ನಿಲ್ಲುವ ಹಾಗೆ ಕಣ್ಣು ಮುಚ್ಚಿ ಕೈಮುಗಿದರು.

ಅವರ ಹೆಂಡತಿಯೂ ಎದ್ದರು. ಗಂಡನ ಮುಖ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಅವರ ಪಕ್ಕದಲ್ಲೇ ನಿಂತು ಕೈಮುಗಿದರು.

"ನಂದೂ ಒಂದ ನಿಯಮ ಬರಕೋರ್ರೀ ಬಾಯಾರ. ಇವ್ರು ಗುಳಿಗಿ ಬಿಟ್ಟ ದಿನ ನಾ ಅನ್ನ ಬಿಡ್ತೀನ್ರಿ."

ದಾದಾ ಕಣ್ಣು ತೆರೆದರು. ಮೇಜಿನ ಮೇಲಿದ್ದ ಚೀಟಿಯನ್ನು ಎತ್ತಿ ಹೆಂಡತಿಯ ಕೈಯಲ್ಲಿ ಇಟ್ಟರು.